ಹುಲ್ಲಿನ ಎಣ್ಣೆ ಸುಧಾರಿಸಲು ಯಾವ ದಾರಿ? ಮೊದಲು ಹೂವನ್ನು ನೋಡಿ

ಮಜ್ಜಿಗೆ ಹುಲ್ಲಿನ ಎಲೆಯನ್ನು ಬೆರಳಲ್ಲಿ ಉಜ್ಜಿ ಮೂಸಿದರೆ ನಿಂಬೆಯ ವಾಸನೆ. ಪಾಮರೋಸಾ ಹೂಗೊಂಚಲನ್ನು ಉಜ್ಜಿದರೆ ಗುಲಾಬಿಯ ನೆನಪು. ಸಿಟ್ರೊನೆಲ್ಲಾ ಎಲೆ ಉಜ್ಜಿದರೆ ಸೊಳ್ಳೆ ಓಡಿಸುವ ಎಣ್ಣೆಯ ಘಾಟು. ಮೂರೂ ಸಿಂಬೊಪೊಗಾನ್ ಅನ್ನುವ ಒಂದೇ ಕುಲದ ಹುಲ್ಲುಗಳು. ಮೂರು ವಾಸನೆಗಳೂ ಗಿಡದೊಳಗೆ ಒಂದೇ ಕಡೆ ಶುರುವಾಗುತ್ತವೆ. ಜೆರಾನಿಲ್ ಡೈಫಾಸ್ಫೇಟ್ ಅನ್ನುವ ಅಣುವಿನಿಂದ ಗಿಡ ಜೆರಾನಿಯೋಲ್ ಮಾಡಿಕೊಳ್ಳುತ್ತದೆ. ಅದು ಹಾಗೇ ತುಂಬಿಕೊಂಡರೆ ಪಾಮರೋಸಾ ಎಣ್ಣೆ. ಅದರಿಂದ ಹೈಡ್ರೋಜನ್ ಕಳಚಿದರೆ ಸಿಟ್ರಾಲ್, ಅಂದರೆ ಮಜ್ಜಿಗೆ ಹುಲ್ಲಿನ ಜೀವಾಳ. ಇನ್ನೊಂದು ಕವಲಿನಲ್ಲಿ ಸಿಟ್ರೊನೆಲ್ಲಾಲ್ ಮತ್ತು ಸಿಟ್ರೊನೆಲ್ಲೋಲ್ ಹುಟ್ಟುತ್ತವೆ. ಮತ್ತೊಂದರಲ್ಲಿ ಜೆರಾನಿಲ್ ಅಸಿಟೇಟ್.

ತಳಿ ಅಭಿವೃದ್ಧಿ ಮಾಡುವವರಿಗೆ ಇದು ಖುಷಿಯ ವಿಷಯ. ಒಂದೆರಡು ಕಿಣ್ವಗಳ ಕೆಲಸ ಹೆಚ್ಚು ಕಡಿಮೆಯಾದರೂ ಎಣ್ಣೆಯ ಸ್ವಭಾವ ಬದಲಾಗುತ್ತದೆ. ಅಂಥ ಬದಲಾವಣೆಗಳು ಹೊಲದಲ್ಲೇ ಬೇಕಾದಷ್ಟು ಸಿಗುತ್ತವೆ. ಅವನ್ನು ಹಿಡಿಯಲು ದಾರಿಗಳೂ ಹಲವಿವೆ. ಒಳ್ಳೆಯ ಬುಡವನ್ನು ಆರಿಸಿ ತೆಂಡೆಗಳಿಂದ, ಅಂದರೆ ಬುಡ ಸೀಳಿ ತೆಗೆದ ಮರಿಗಳಿಂದ, ಬೆಳೆಸಬಹುದು. ತಲೆಮಾರಿನಿಂದ ತಲೆಮಾರಿಗೆ ಬೀಜದ ಮೂಲಕ ಸುಧಾರಿಸಬಹುದು. ಅಡ್ಡತಳಿ ಮಾಡಬಹುದು. ವಿಕಿರಣ, ಅಂಗಾಂಶ ಕೃಷಿ, ಕ್ರೋಮೋಸೋಮ್ ದುಪ್ಪಟ್ಟು ಮಾಡುವುದು ಕೂಡ ಇವೆ.

ಹೊಸಬರು ಸಾಮಾನ್ಯವಾಗಿ ದಾರಿಯನ್ನೇ ಮೊದಲು ಆರಿಸಿಕೊಳ್ಳುತ್ತಾರೆ. ಪ್ರಯೋಗಾಲಯದಲ್ಲಿ ಅಂಗಾಂಶ ಕೃಷಿಯ ಸೌಕರ್ಯ ಇದೆ, ಅದನ್ನೇ ಮಾಡೋಣ ಅಂತ ಹೊರಡುತ್ತಾರೆ. ನಾನು ಹೇಳುವುದು ಬೇರೆ. ಎಣ್ಣೆಯಲ್ಲಿ ಏನು ಬೇಕು ಅಂತ ಮೊದಲು ಬರೆದಿಟ್ಟುಕೊಳ್ಳಿ. ಆಮೇಲೆ ಆ ಹುಲ್ಲು ಹೂ ಬಿಡುತ್ತದಾ, ಬೀಜ ಕಟ್ಟುತ್ತದಾ ನೋಡಿ. ಅರ್ಧ ತೀರ್ಮಾನ ಅಲ್ಲೇ ಆಗಿಬಿಡುತ್ತದೆ.

ಏನು ಬೇಕು ಅನ್ನುವುದು

"ಒಳ್ಳೆಯ ಎಣ್ಣೆ" ಅಂದರೆ ಸಾಲದು. ಯಾವ ಅಂಶ ಹೆಚ್ಚಬೇಕು, ಯಾವುದು ತಗ್ಗಬೇಕು ಅನ್ನುವುದು ಸ್ಪಷ್ಟವಾಗಿರಬೇಕು.

ಮಜ್ಜಿಗೆ ಹುಲ್ಲಿನಲ್ಲಿ ಎಲ್ಲರೂ ಕೇಳುವುದು ಸಿಟ್ರಾಲ್. ಒಳ್ಳೆಯ ತಳಿಗಳಲ್ಲಿ ಅದು ಶೇಕಡಾ 75ರಿಂದ 85ರವರೆಗೆ ಇರುತ್ತದೆ. ಅಯೋನೋನ್ ಅನ್ನುವ ಸುಗಂಧ ವಸ್ತುಗಳಿಗೂ ವಿಟಮಿನ್ ಎ ತಯಾರಿಕೆಗೂ ಸಿಟ್ರಾಲೇ ಮೂಲ. ಆದರೆ ಈಗ ಕಾರ್ಖಾನೆಗಳು ಪೆಟ್ರೋಲಿಯಂ ಮೂಲದ ಕಚ್ಚಾವಸ್ತುವಿನಿಂದಲೂ ಸಿಟ್ರಾಲನ್ನು ದೊಡ್ಡ ಪ್ರಮಾಣದಲ್ಲಿ ತಯಾರಿಸುತ್ತವೆ. ಹಾಗಾಗಿ 82 ಇರುವುದನ್ನು 85 ಮಾಡಲು ಐದು ವರ್ಷ ಕಳೆಯುವುದು ನನಗೆ ಸರಿ ಕಾಣುವುದಿಲ್ಲ. ಅದೇ ಜಾಗದಿಂದ ಒಟ್ಟು ಸಿಟ್ರಾಲ್ ಜಾಸ್ತಿ ಬರುವಂತೆ ಮಾಡುವುದು ಹೆಚ್ಚು ಉಪಯೋಗದ ಕೆಲಸ. ಇಲ್ಲವೇ, ಬೇಡದ್ದನ್ನು ಕಡಿಮೆ ಮಾಡಿ. ಮಜ್ಜಿಗೆ ಹುಲ್ಲಿನಲ್ಲಿ ಈಸ್ಟ್ ಇಂಡಿಯನ್ ಅನ್ನುವುದು, ಅಂದರೆ ಫ್ಲೆಕ್ಸುವೋಸಸ್, ಮತ್ತು ಪಶ್ಚಿಮ ಇಂಡೀಸ್‌ನದು, ಅಂದರೆ ಸಿಟ್ರಾಟಸ್ ಅಂತ ಎರಡು ಬಗೆ. ಎರಡನೆಯದರ ಎಣ್ಣೆಯಲ್ಲಿ ಮೈರ್ಸೀನ್ ಇರುತ್ತದೆ. ದಾಸ್ತಾನಿನಲ್ಲಿ ಮೈರ್ಸೀನ್ ಅಣುಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಆಗ ಎಣ್ಣೆ ಶೇಕಡಾ 70ರ ಆಲ್ಕೋಹಾಲಿನಲ್ಲಿ ಸರಿಯಾಗಿ ಕರಗುವುದಿಲ್ಲ. ಅಂಥ ಕಡೆ ಮೈರ್ಸೀನ್ ಇಳಿಸುವುದೇ ಗುರಿಯಾಗಬೇಕು.

ಪಾಮರೋಸಾದಲ್ಲಿ ಬೇಕಾದ್ದು ಜೆರಾನಿಯೋಲ್. ಒಳ್ಳೆಯ ಎಣ್ಣೆಯಲ್ಲಿ ಅದು ಶೇಕಡಾ 75ರಿಂದ 90. ಇದರಲ್ಲಿ ಒಂದು ಎಚ್ಚರಿಕೆ ಬೇಕು. ಪಾಮರೋಸಾ ಅಂದರೆ ಸಿಂಬೊಪೊಗಾನ್ ಮಾರ್ಟಿನಿ ಪ್ರಭೇದದ ಮೋತಿಯಾ ಬಗೆ. ಅದೇ ಪ್ರಭೇದದಲ್ಲಿ ಸೋಫಿಯಾ ಅನ್ನುವ ಇನ್ನೊಂದು ಬಗೆಯಿದೆ. ನೋಡಲು ಹೆಚ್ಚುಕಡಿಮೆ ಒಂದೇ ಥರ. ಆದರೆ ಸೋಫಿಯಾ ಎಣ್ಣೆಗೆ ಗುಲಾಬಿ ಪರಿಮಳ ಇಲ್ಲ. ಅದರಲ್ಲಿ ಲಿಮೊನೀನ್, ಪೆರಿಲಿಲ್ ಆಲ್ಕೋಹಾಲ್‌ನಂಥವು ತುಂಬಿರುತ್ತವೆ. ಬೀಜ ತಂದ ಮೊದಲ ದಿನವೇ ಈ ಬೆರಕೆಯ ಬಗ್ಗೆ ಅನುಮಾನ ಇಟ್ಟುಕೊಳ್ಳಿ.

ಸಿಟ್ರೊನೆಲ್ಲಾದಲ್ಲಿ ಸಂಖ್ಯೆಗಳೇ ದಾರಿ ತಪ್ಪಿಸುತ್ತವೆ. ಜಾವಾ ಬಗೆಯ ಎಣ್ಣೆಗೆ ವ್ಯಾಪಾರದಲ್ಲಿ "ಒಟ್ಟು ಜೆರಾನಿಯೋಲ್ ಶೇಕಡಾ 85, ಸಿಟ್ರೊನೆಲ್ಲಾಲ್ ಶೇಕಡಾ 35" ಅಂತ ಹೇಳುವುದುಂಟು. ಕೂಡಿಸಿದರೆ ನೂರು ದಾಟುತ್ತದೆ, ಅಲ್ವಾ? ಕಾರಣ ಅಳೆಯುವ ಹಳೆಯ ವಿಧಾನದಲ್ಲಿದೆ. ಎಣ್ಣೆಗೆ ಅಸಿಟೈಲ್ ಸೇರಿಸುವಾಗ ಸಿಟ್ರೊನೆಲ್ಲಾಲ್ ಕೂಡ ಸುತ್ತಿಕೊಂಡು ಐಸೊಪುಲೆಗೋಲ್ ಆಗುತ್ತದೆ. ಅದೂ ಜೆರಾನಿಯೋಲ್‌ನಂಥ ಆಲ್ಕೋಹಾಲ್‌ಗಳ ಲೆಕ್ಕಕ್ಕೆ ಸೇರಿಬಿಡುತ್ತದೆ. ಅಂದರೆ "ಒಟ್ಟು ಜೆರಾನಿಯೋಲ್" ಬರೀ ಜೆರಾನಿಯೋಲ್ ಅಲ್ಲ. ಎರಡು ತಳಿಗಳನ್ನು ಹೋಲಿಸುವಾಗ ಒಂದರದು ಹಳೆಯ ವಿಧಾನದ ಅಂಕಿ, ಇನ್ನೊಂದರದು ಗ್ಯಾಸ್ ಕ್ರೊಮ್ಯಾಟೊಗ್ರಫಿಯ, ಅಂದರೆ ಪ್ರತಿ ಅಂಶವನ್ನೂ ಬೇರ್ಪಡಿಸಿ ಅಳೆಯುವ ಯಂತ್ರದ, ಅಂಕಿ ಆಗಿದ್ದರೆ ಆ ಹೋಲಿಕೆಯನ್ನು ಬದಿಗಿಡಿ. ಇನ್ನು ಸಿಲೋನ್ ಬಗೆ. ಅದರಲ್ಲಿ ಸಿಟ್ರೊನೆಲ್ಲಾಲ್ ಬಹಳ ಕಡಿಮೆ. ಅಂತರರಾಷ್ಟ್ರೀಯ ಮಾನಕ ಸಂಸ್ಥೆ ಐಎಸ್‌ಒ ಎರಡಕ್ಕೂ ಬೇರೆ ಬೇರೆ ಮಾನಕ ಇಟ್ಟಿದೆ. ಜಾವಾಕ್ಕೆ 3848, ಸಿಲೋನ್‌ಗೆ 3849. ಸಿಲೋನ್ ಬಗೆಯಲ್ಲಿ ಮೀಥೈಲ್ ಯೂಜಿನೋಲ್ ಕೂಡ ಇರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2023ರಲ್ಲಿ ಇದನ್ನು "ಮನುಷ್ಯರಲ್ಲಿ ಕ್ಯಾನ್ಸರ್ ತರುವ ಸಾಧ್ಯತೆ ಹೆಚ್ಚು" ಅನ್ನುವ 2ಎ ಗುಂಪಿಗೆ ಸೇರಿಸಿತು. ಅದನ್ನು ತಗ್ಗಿಸಲು ತಳಿಗಾರರು ಪಡುವ ಶ್ರಮಕ್ಕೆ ನಿಜವಾದ ಬೆಲೆ ಇದೆ.

ಲಾವಂಚದ ಎಣ್ಣೆ ಬೇರಿನದು. ಅದರ ಕುಲವೂ ಬೇರೆ, ರಸಾಯನವೂ ಬೇರೆ. ಕುಸಿಮೋಲ್, ವೆಟಿವೋನ್‌ಗಳು ಮುಖ್ಯ. ಜೊತೆಗೆ ನೂರಕ್ಕೂ ಹೆಚ್ಚು ಅಂಶಗಳಿವೆ. ಅಲ್ಲಿ ಒಂದೇ ಅಂಶದ ಹಿಂದೆ ಹೋಗುವುದಕ್ಕಿಂತ ಒಟ್ಟು ಪರಿಮಳವನ್ನೇ ನೋಡಬೇಕಾಗುತ್ತದೆ. ಲಕ್ನೋದಲ್ಲಿರುವ, ಔಷಧಿ ಮತ್ತು ಸುಗಂಧ ಸಸ್ಯಗಳ ಕೇಂದ್ರ ಸಂಶೋಧನಾ ಸಂಸ್ಥೆ ಸೀಮ್ಯಾಪ್‌ನ ಲಾವಂಚ ತಳಿಗಳಲ್ಲಿ ಒಂದರ ಹೆಸರು ಗುಲಾಬಿ, ಇನ್ನೊಂದರದು ಕೇಸರಿ. ಎರಡೂ ತಮ್ಮ ಪರಿಮಳದಿಂದಲೇ ಆ ಹೆಸರು ಪಡೆದವು.

ಹೂವು ಹೇಳುವ ಮಾತು

ಪಾಮರೋಸಾ ಚೆನ್ನಾಗಿ ಹೂ ಬಿಡುತ್ತದೆ, ಬೀಜ ಕಟ್ಟುತ್ತದೆ. ಗಾಳಿಯಲ್ಲಿ ಪರಾಗ ಹಾರಿ ಗಿಡದಿಂದ ಗಿಡಕ್ಕೆ ಬೆರೆಯುತ್ತದೆ. ಈಸ್ಟ್ ಇಂಡಿಯನ್ ಮಜ್ಜಿಗೆ ಹುಲ್ಲೂ ಬೀಜ ಕೊಡುತ್ತದೆ. ಆದರೆ ಆ ಬೀಜದ ಸಸಿಗಳು ಒಂದರಂತೆ ಒಂದಿರುವುದಿಲ್ಲ. ಅದಕ್ಕೇ ಬೆಳೆಗಾರರು ತೆಂಡೆಯನ್ನೇ ನಂಬುತ್ತಾರೆ. ಪಶ್ಚಿಮ ಇಂಡೀಸ್ ಬಗೆ ಹೂ ಬಿಡುವುದೇ ಅಪರೂಪ. ಜಾವಾ ಸಿಟ್ರೊನೆಲ್ಲಾ ಹೂ ಬಿಟ್ಟರೂ ಮೊಳೆಯುವ ಬೀಜ ಸಿಗುವುದಿಲ್ಲ ಅಂದರೂ ನಡೆಯುತ್ತದೆ. ಲಾವಂಚದಲ್ಲಿ ಬೀಜ ಕಟ್ಟುವ ಉತ್ತರ ಭಾರತದ ಬಗೆಯೂ ಇದೆ, ಕಟ್ಟದ ದಕ್ಷಿಣದ ಬಗೆಯೂ ಇದೆ.

ಇಷ್ಟು ಗೊತ್ತಾದರೆ ಮುಂದಿನ ಹೋಲಿಕೆ ಸುಲಭ.

ತೆಂಡೆ ಆಯ್ಕೆ: ಹೆಚ್ಚಿನವರು ಇಲ್ಲಿಂದಲೇ ಶುರು ಮಾಡಬೇಕು

ಬೇರೆ ಬೇರೆ ಕಡೆಯಿಂದ ಬುಡಗಳನ್ನು ತಂದು ಒಂದೇ ಹೊಲದಲ್ಲಿ ನೆಡುತ್ತೀರಿ. ಪ್ರತಿ ಬುಡದ ಎಲೆಯನ್ನೂ ಬಟ್ಟಿ ಇಳಿಸುತ್ತೀರಿ. ಒಳ್ಳೆಯದನ್ನು ಸೀಳಿ ಹೆಚ್ಚಿಸುತ್ತೀರಿ. ಕೇಳಲು ಸರಳ, ಫಲವೂ ದೊಡ್ಡದು. ಯಾಕೆಂದರೆ ಆ ಬುಡದಲ್ಲಿ ಜೀನುಗಳು ಯಾವ ಜೋಡಿಯಲ್ಲಿ ಕೂತು ಒಳ್ಳೆಯ ಎಣ್ಣೆ ಕೊಟ್ಟವೋ ಅದೇ ಜೋಡಿ ಪ್ರತಿ ತೆಂಡೆಗೂ ಹಾಗೇ ಹೋಗುತ್ತದೆ. ಬೀಜದಲ್ಲಿ ಆ ಜೋಡಿ ಒಡೆದು ಹೊಸದಾಗಿ ಸೇರುತ್ತದೆ.

ಇದಕ್ಕೆ ಒಳ್ಳೆಯ ಉದಾಹರಣೆ ಕೇರಳದ ಓಡಕ್ಕಾಲಿ ಸಂಶೋಧನಾ ಕೇಂದ್ರದ ಒಡಿ-19. ಇದಕ್ಕೆ ಸುಗಂಧಿ ಅಂತಲೂ ಹೆಸರು. ಕೆಂಪು ಕಾಂಡದ ಮಜ್ಜಿಗೆ ಹುಲ್ಲು ಇದು. ಇದರ ಎಣ್ಣೆಯಲ್ಲಿ ಸಿಟ್ರಾಲ್ ಶೇಕಡಾ 80ರಿಂದ 85. ಅದೇ ಒಡಿ-19ರಿಂದ ಮತ್ತೆ ಬುಡ ಆರಿಸಿ ಪ್ರಗತಿ ಅನ್ನುವ ತಳಿ ಮಾಡಿದರು. ಒಮ್ಮೆ ಆರಿಸಿದ ತಳಿಯೊಳಗೂ ಇನ್ನೊಂದು ಆಯ್ಕೆಗೆ ಜಾಗ ಇತ್ತು ಅನ್ನುವುದು ನನಗೆ ಬಹಳ ಇಷ್ಟವಾದ ಸಂಗತಿ. ಅದಕ್ಕೇ ಹಳೆಯ ತಳಿಯ ಹೊಲವನ್ನು ಕಡೆಗಣಿಸಬೇಡಿ.

ಆರಿಸುವಾಗ ಎಲೆಯ ರಾಶಿಯನ್ನೋ ಎಣ್ಣೆಯ ತೂಕವನ್ನೋ ನೋಡಿ ಮರುಳಾಗುವುದು ಸಹಜ. ಒಂದು ಲೆಕ್ಕ ಹಾಕಿ ನೋಡೋಣ. ಮೊದಲ ಬುಡದಲ್ಲಿ 1,200 ಗ್ರಾಂ ಎಲೆ, ಎಣ್ಣೆ ಶೇಕಡಾ 0.4, ಸಿಟ್ರಾಲ್ ಶೇಕಡಾ 75 ಅಂದುಕೊಳ್ಳಿ. ಎಣ್ಣೆ 4.8 ಗ್ರಾಂ, ಸಿಟ್ರಾಲ್ 3.6 ಗ್ರಾಂ. ಎರಡನೆಯದರಲ್ಲಿ ಎಲೆ 900 ಗ್ರಾಂ, ಎಣ್ಣೆ ಶೇಕಡಾ 0.5, ಸಿಟ್ರಾಲ್ ಶೇಕಡಾ 85. ಎಣ್ಣೆ 4.5 ಗ್ರಾಂ, ಸಿಟ್ರಾಲ್ 3.8 ಗ್ರಾಂ. ಎಲೆ ನೋಡಿದವರು ಮೊದಲನೆಯದನ್ನು ಇಟ್ಟುಕೊಳ್ಳುತ್ತಾರೆ, ಎಣ್ಣೆ ನೋಡಿದವರೂ ಮೊದಲನೆಯದನ್ನೇ. ಸಿಟ್ರಾಲ್ ತೂಕ ನೋಡಿದವರು ಮಾತ್ರ ಎರಡನೆಯದನ್ನು ಇಟ್ಟುಕೊಳ್ಳುತ್ತಾರೆ. ಬೇಕಾದ ಅಂಶದ ತೂಕವನ್ನು ಬುಡವೊಂದರ ಲೆಕ್ಕದಲ್ಲಿ ಬರೆದಿಡುವ ಅಭ್ಯಾಸ ಮಾಡಿಕೊಳ್ಳಿ.

ಈ ದಾರಿಗೆ ಮಿತಿಯೂ ಇದೆ. ಹೊಲದಲ್ಲಿ ಇಲ್ಲದ್ದನ್ನು ಆಯ್ಕೆ ಹುಟ್ಟಿಸುವುದಿಲ್ಲ. ನೀವು ತಂದಿದ್ದೆಲ್ಲ ಒಂದೇ ಮೂಲದ ಬುಡಗಳಾಗಿದ್ದರೆ ಎಷ್ಟು ವರ್ಷ ಹುಡುಕಿದರೂ ಸಿಗುವುದು ಮಣ್ಣಿನ ವ್ಯತ್ಯಾಸ ಅಷ್ಟೇ.

ಬೀಜದ ದಾರಿ: ಪಾಮರೋಸಾಕ್ಕೆ ಹೇಳಿ ಮಾಡಿಸಿದ್ದು

ಪಾಮರೋಸಾ ಬೆಳೆಗಾರ ಬೀಜದಿಂದ ಸಸಿ ಮಾಡಿ ನೆಡುತ್ತಾನೆ. ಹಾಗಾಗಿ ಒಂದು ಅದ್ಭುತ ಬುಡ ಸಿಕ್ಕಿದರೂ ಅದರ ಬೀಜ ಅದರಂತೇ ಇರುವುದಿಲ್ಲ. ಇಲ್ಲಿ ಇಡೀ ಗುಂಪನ್ನೇ ಮೇಲೆತ್ತಬೇಕು. ನೂರಾರು ಗಿಡಗಳಲ್ಲಿ ಒಳ್ಳೆಯವನ್ನು ಗುರುತಿಸಿ, ಉಳಿದವನ್ನು ಹೂ ಬಿಡುವ ಮೊದಲೇ ಕತ್ತರಿಸಿ. ಒಳ್ಳೆಯವು ತಮ್ಮಲ್ಲೇ ಬೆರೆಯಲಿ. ಅವುಗಳ ಬೀಜ ಬಿತ್ತಿ ಮತ್ತೆ ಆರಿಸಿ. ಪ್ರತಿ ಸುತ್ತಿಗೂ ಗುಂಪಿನ ಸರಾಸರಿ ಸ್ವಲ್ಪ ಮೇಲೇರುತ್ತದೆ.

ಕಷ್ಟ ಒಂದೇ. ಪಾಮರೋಸಾದಲ್ಲಿ ಎಣ್ಣೆ ಹೆಚ್ಚಾಗಿ ಇರುವುದು ಹೂಗೊಂಚಲಿನಲ್ಲಿ. ಎಣ್ಣೆ ಪರೀಕ್ಷೆಗೆ ಹೂ ಬೇಕು, ಆದರೆ ಹೂ ಬಿಡುವ ಹೊತ್ತಿಗೆ ಪರಾಗ ಹಾರಿರುತ್ತದೆ. ಇದಕ್ಕೊಂದು ಉಪಾಯ ಇದೆ. ಮೊದಲ ಹೂವಿನಲ್ಲಿ ಪರೀಕ್ಷೆ ಮಾಡಿ, ಅದರ ಬೀಜ ಬಿಟ್ಟುಬಿಡಿ. ಆರಿಸಿದ ಗಿಡಗಳ ಬುಡ ಸೀಳಿ ದೂರದ ಒಂದು ಮಡಿಯಲ್ಲಿ ಒಟ್ಟಿಗೆ ನೆಡಿ. ಮುಂದಿನ ಹೂವಿನ ಬೀಜವನ್ನು ಮಾತ್ರ ಇಟ್ಟುಕೊಳ್ಳಿ. ಒಂದು ಹಂಗಾಮು ಜಾಸ್ತಿ ಹಿಡಿಯುತ್ತದೆ. ಆದರೆ ತಾಯಿ, ತಂದೆ ಎರಡೂ ಕಡೆಯ ಗುಣ ನಿಮ್ಮ ಹಿಡಿತದಲ್ಲಿರುತ್ತದೆ. ತಾಯಿಯನ್ನು ಮಾತ್ರ ಆರಿಸಿದರೆ ಪ್ರತಿ ಸುತ್ತಿನ ಲಾಭ ಅರ್ಧಕ್ಕೆ ಇಳಿಯುತ್ತದೆ. ಕಾಯುವುದೇ ಒಳ್ಳೆಯದು.

ತುಂಬಾ ಕಡಿಮೆ ಗಿಡ ಆರಿಸುವುದೂ ತಪ್ಪು. ನಾಲ್ಕೈದು ಗಿಡಗಳಿಂದಲೇ ಇಡೀ ಗುಂಪು ಬೆಳೆಸಿದರೆ ಮುಂದಿನ ತಲೆಮಾರುಗಳಲ್ಲಿ ಹತ್ತಿರದ ಸಂಬಂಧಿಗಳೇ ಬೆರೆತು ಗಿಡಗಳು ಸೊರಗುತ್ತವೆ.

ಅಡ್ಡತಳಿ: ಪ್ರಭೇದದೊಳಗೆ ಇಲ್ಲದ್ದು ಬೇಕಾದಾಗ

ಚಳಿ ತಡೆಯುವ ಗುಣ ಒಂದು ಪ್ರಭೇದದಲ್ಲಿ, ಎಣ್ಣೆಯ ಗುಣ ಇನ್ನೊಂದರಲ್ಲಿ ಇದ್ದರೆ ಬೇರೆ ದಾರಿಯಿಲ್ಲ, ಅಡ್ಡ ಹಾಯಿಸಲೇಬೇಕು. ಮಜ್ಜಿಗೆ ಹುಲ್ಲಿನ ಸಿಕೆಪಿ-25 ಹೀಗೆ ಖಾಸಿಯಾನಸ್ ಮತ್ತು ಪೆಂಡುಲಸ್ ಪ್ರಭೇದಗಳ ಅಡ್ಡತಳಿ. ಜಾಮರೋಸಾ ಇನ್ನೂ ಸ್ವಾರಸ್ಯದ್ದು. ನಾರ್ಡಸ್ ಮತ್ತು ಜ್ವರಾಂಕುಸಾ ಪ್ರಭೇದಗಳನ್ನು ಬೆರೆಸಿ ಹುಟ್ಟಿಸಿದ ಈ ಹುಲ್ಲಿನ ಎಣ್ಣೆಯಲ್ಲಿ ಜೆರಾನಿಯೋಲ್ ತುಂಬಿದೆ. ಪಾಮರೋಸಾ ವಂಶವೇ ಇಲ್ಲದೆ ಪಾಮರೋಸಾಕ್ಕೆ ಹತ್ತಿರದ ಎಣ್ಣೆ ಬಂತು. ಮೊದಲು ಹೇಳಿದ ಒಂದೇ ಕವಲುದಾರಿಯ ಮಹಿಮೆ ಇದು.

ಈ ಕುಲದ ಹೂಗಳು ಸಣ್ಣವು. ಕೈಯಿಂದ ಕೇಸರ ತೆಗೆದು ಅಡ್ಡ ಹಾಯಿಸುವುದು ತಾಳ್ಮೆಯ ಕೆಲಸ. ಹುಟ್ಟಿದ ಮಕ್ಕಳು ಹಲವು ಸಲ ಬಂಜೆಯಾಗಿರುತ್ತವೆ. ಬೇರೆ ಬೆಳೆಗಳಲ್ಲಿ ಇದು ದೊಡ್ಡ ತೊಂದರೆ. ಇಲ್ಲಿ ಹಾಗಲ್ಲ, ತೆಂಡೆಯಿಂದ ಹೆಚ್ಚಿಸಬಹುದು. ಹಾಗಾಗಿ ಒಂದೇ ಒಂದು ಒಳ್ಳೆಯ ಅಡ್ಡಸಸಿ ಸಿಕ್ಕರೂ ತಳಿ ಸಿಕ್ಕಂತೆ.

ವಿಕಿರಣವೋ, ಅಂಗಾಂಶ ಕೃಷಿಯೋ?

ಜಾವಾ ಸಿಟ್ರೊನೆಲ್ಲಾ ಹಿಡಿದವರಿಗೆ ಬೀಜದ ದಾರಿ ಮುಚ್ಚಿದೆ. ಅಡ್ಡತಳಿಯ ದಾರಿಯೂ ಹೆಚ್ಚುಕಡಿಮೆ ಮುಚ್ಚಿದೆ. ಇರುವ ಬುಡಗಳಲ್ಲಿ ಆಯ್ಕೆ ಮುಗಿದ ಮೇಲೆ ಹೊಸ ವೈವಿಧ್ಯವನ್ನು ನಾವೇ ಹುಟ್ಟಿಸಬೇಕು.

ಗಾಮಾ ಕಿರಣ ಹಾಯಿಸಿದರೆ ಡಿಎನ್‌ಎ ಅಲ್ಲಲ್ಲಿ ಮುರಿದು ಬದಲಾಗುತ್ತದೆ. ಒಣ ಬೀಜ ತಡೆಯುವ ಪ್ರಮಾಣವನ್ನು ಹಸಿ ತೆಂಡೆ ತಡೆಯುವುದಿಲ್ಲ. ಅದಕ್ಕೇ ಮೊದಲು ಸಣ್ಣ ಪ್ರಮಾಣಗಳಲ್ಲಿ ಹಾಯಿಸಿ, ಎಷ್ಟರಲ್ಲಿ ಅರ್ಧ ತೆಂಡೆ ಸಾಯುತ್ತವೆ ಅಂತ ತಿಳಿದುಕೊಳ್ಳಬೇಕು. ಮಜ್ಜಿಗೆ ಹುಲ್ಲಿನ ಎಸ್‌ಡಿ-68 ತಳಿ ವಿಕಿರಣದಿಂದಲೇ ಬಂದದ್ದು. ತೆಂಡೆಯಲ್ಲಿ ಒಂದು ಕಿರಿಕಿರಿ ಇದೆ. ಬದಲಾವಣೆ ಒಂದೆರಡು ಕೋಶಗಳಲ್ಲಿ ಆಗಿರುತ್ತದೆ. ಗಿಡದ ಒಂದು ಭಾಗ ಹೊಸದು, ಉಳಿದದ್ದು ಹಳೆಯದು. ಸೀಳಿ ನೆಟ್ಟು, ಮತ್ತೆ ಸೀಳಿ ನೆಟ್ಟು, ಎರಡು ಮೂರು ಸುತ್ತು ಕಳೆದ ಮೇಲೆ ಪೂರ್ತಿ ಹೊಸ ಬುಡ ಬೇರೆಯಾಗುತ್ತದೆ.

ಅಂಗಾಂಶ ಕೃಷಿಯಲ್ಲಿ ಬಾಟಲಿಯೊಳಗೆ ಕೋಶಗಳ ಮುದ್ದೆ ಬೆಳೆಸಿ ಅದರಿಂದ ಗಿಡ ಪಡೆಯುತ್ತಾರೆ. ಈ ಪಯಣದಲ್ಲೇ ಕೆಲವು ಕೋಶಗಳು ಬದಲಾಗುತ್ತವೆ. ಸೀಮ್ಯಾಪ್ ಬಿಡುಗಡೆ ಮಾಡಿದ ಸಿಟ್ರೊನೆಲ್ಲಾ ತಳಿ ಬಯೋ-13 ಹೀಗೆ ಹುಟ್ಟಿದ್ದು. ಗಿಡ ಒಂದೇ ಕೋಶದಿಂದ ಎದ್ದು ಬಂದರೆ ಅರ್ಧ ಹಳೆಯದು ಅರ್ಧ ಹೊಸದು ಅನ್ನುವ ತೊಂದರೆ ಕಡಿಮೆ. ಆದರೆ ಕೆಲವು ಬದಲಾವಣೆಗಳು ಡಿಎನ್‌ಎಯ ಅಕ್ಷರದಲ್ಲಿ ಆಗಿರುವುದಿಲ್ಲ, ಅದನ್ನು ಓದುವ ರೀತಿಯಲ್ಲಿ ಮಾತ್ರ ಆಗಿರುತ್ತವೆ. ಎರಡು ವರ್ಷದಲ್ಲಿ ಮಾಯವಾಗಬಹುದು. ನನ್ನನ್ನು ಕೇಳಿದರೆ, ಸೌಕರ್ಯ ಮತ್ತು ಕೈಪಳಗಿದವರು ಇದ್ದರೆ ಸಿಟ್ರೊನೆಲ್ಲಾಕ್ಕೆ ಅಂಗಾಂಶ ಕೃಷಿ ಮೇಲು. ಇಲ್ಲದಿದ್ದರೆ ವಿಕಿರಣ. ಎರಡರಲ್ಲೂ ಸಾವಿರಾರು ಗಿಡ ಪರೀಕ್ಷಿಸುವ ಶಕ್ತಿ ಬೇಕು. ಐವತ್ತು ಗಿಡ ನೋಡುವುದಾದರೆ ಸುಮ್ನೆ ಶುರು ಮಾಡಬೇಡಿ.

ಕಾಲ್ಚಿಸಿನ್ ಹಾಕಿ ಕ್ರೋಮೋಸೋಮ್ ದುಪ್ಪಟ್ಟು ಮಾಡುವುದು ಇನ್ನೊಂದು ದಾರಿ. ಎಲೆ ದಪ್ಪವಾಗುತ್ತದೆ, ಬೆಳವಣಿಗೆ ನಿಧಾನವಾಗುತ್ತದೆ. ಎಣ್ಣೆ ಕೆಲವು ಸಲ ಹೆಚ್ಚುತ್ತದೆ, ಕೆಲವು ಸಲ ಇಲ್ಲ. ಬಂಜೆ ಅಡ್ಡತಳಿಗೆ ಬೀಜ ಕಟ್ಟಿಸಬೇಕಾದಾಗ ಮಾತ್ರ ನಾನು ಇದರತ್ತ ನೋಡುತ್ತೇನೆ. ಕಾಲ್ಚಿಸಿನ್ ವಿಷ, ಕೈಗವಸು ಇಲ್ಲದೆ ಮುಟ್ಟಬೇಡಿ. ಜೀನ್ ತಿದ್ದುವ ಹೊಸ ವಿಧಾನಗಳು ಪ್ರಯೋಗಾಲಯದ ಮಾತು. ಹೊಲದಲ್ಲಿ ಇವತ್ತು ತೀರ್ಮಾನ ಮಾಡಬೇಕಾದವರಿಗೆ ಅವು ಆಯ್ಕೆಯ ಪಟ್ಟಿಯಲ್ಲಿ ಇಲ್ಲ.

ಹೋಲಿಸುವ ಮುಂಚೆ ಅಳತೆ ಸರಿಯಿರಲಿ

ಯಾವ ದಾರಿ ಹಿಡಿದರೂ ಕೆಲಸ ಕೆಡುವುದು ಹೆಚ್ಚಾಗಿ ಅಳತೆಯಲ್ಲಿ. ಪಾಮರೋಸಾದ ಎಳೆ ಹೂಗೊಂಚಲಿನಲ್ಲಿ ಜೆರಾನಿಲ್ ಅಸಿಟೇಟ್ ಜಾಸ್ತಿ. ಹೂ ಬಲಿತಂತೆ ಒಂದು ಕಿಣ್ವ ಆ ಅಸಿಟೇಟನ್ನು ಒಡೆದು ಜೆರಾನಿಯೋಲ್ ಬಿಡಿಸುತ್ತದೆ. ಹಾಗಾಗಿ ಬೇಗ ಹೂ ಬಿಟ್ಟ ಗಿಡವನ್ನೂ ತಡವಾಗಿ ಬಿಟ್ಟದ್ದನ್ನೂ ಒಂದೇ ದಿನ ಕೊಯ್ದರೆ ಬೇಗ ಬಿಟ್ಟದ್ದು ಗೆಲ್ಲುತ್ತದೆ. ಗೆದ್ದದ್ದು ಅದರ ವಯಸ್ಸು, ವಂಶವಲ್ಲ. ಕ್ಯಾಲೆಂಡರ್ ನೋಡಿ ಕೊಯ್ಯಬೇಡಿ, ಹೂವಿನ ಹಂತ ನೋಡಿ ಕೊಯ್ಯಿರಿ. ಎಲೆಯ ಎಣ್ಣೆಗೂ ಇದೇ ಮಾತು. ಆಗ ತಾನೇ ಬಿಚ್ಚಿಕೊಂಡ ಎಲೆಯನ್ನು ಹಳೆಯ ಎಲೆಯ ಜೊತೆ ಹೋಲಿಸಿದರೆ ತಳಿಯ ಬಗ್ಗೆ ಏನೂ ತಿಳಿಯುವುದಿಲ್ಲ.

ಸಾಲು ಸಾಲಿನ ನಡುವೆ ಒಂದು ಹಳೆಯ ತಳಿಯನ್ನು ಮತ್ತೆ ಮತ್ತೆ ನೆಡಿ. ಅದರ ಅಂಕಿಗಳು ಹೊಲದ ಒಂದು ತುದಿಯಿಂದ ಇನ್ನೊಂದಕ್ಕೆ ಎಷ್ಟು ಓಡಾಡುತ್ತವೆ ನೋಡಿ. ಅಷ್ಟು ವ್ಯತ್ಯಾಸ ಮಣ್ಣಿನದು. ಹೊಸ ಬುಡ ಅದಕ್ಕಿಂತ ಸ್ಪಷ್ಟವಾಗಿ ಮೇಲಿದ್ದರೆ ಮಾತ್ರ ನಂಬಿ. ಎಣ್ಣೆಯ ಪ್ರಮಾಣ ನೀರು, ಬಿಸಿಲು, ಗೊಬ್ಬರಕ್ಕೆ ಬೇಗ ಬದಲಾಗುತ್ತದೆ. ಎಣ್ಣೆಯೊಳಗಿನ ಅಂಶಗಳ ಪಾಲು ಅಷ್ಟು ಬೇಗ ಅಲ್ಲಾಡುವುದಿಲ್ಲ. ಅದಕ್ಕೇ ಸಿಟ್ರಾಲ್ ಶೇಕಡಾವನ್ನು ಮೊದಲ ವರ್ಷವೇ ನೋಡಿ ಗಿಡ ಕೈಬಿಡಬಹುದು. ಎಣ್ಣೆಯ ಇಳುವರಿ ಕಡಿಮೆ ಅಂತ ಕೈಬಿಡುವ ಮೊದಲು ಎರಡು ಮೂರು ವರ್ಷ, ಒಂದಕ್ಕಿಂತ ಹೆಚ್ಚು ಜಾಗದಲ್ಲಿ ನೋಡಬೇಕು.

ಪ್ರತಿ ಗಿಡಕ್ಕೂ ಗ್ಯಾಸ್ ಕ್ರೊಮ್ಯಾಟೊಗ್ರಫಿ ಮಾಡುವುದು ಆಗದ ಮಾತು. ಮೊದಲು ಮೂಗು. ಎಲೆ ಉಜ್ಜಿ ಮೂಸಿದರೆ ಸೋಫಿಯಾ ಥರದವು ಹೊರಗೆ ಹೋಗುತ್ತವೆ. ಆಮೇಲೆ ತೆಳುಪದರದ ಕ್ರೊಮ್ಯಾಟೊಗ್ರಫಿ. ಒಂದೇ ತಟ್ಟೆಯಲ್ಲಿ ಹತ್ತಾರು ಗಿಡಗಳನ್ನು ನೋಡಬಹುದು. ಅಲ್ಲಿ ಉಳಿದವಕ್ಕೆ ಕ್ಲೆವೆಂಜರ್, ಅಂದರೆ ಪ್ರಯೋಗಾಲಯದ ಸಣ್ಣ ಗಾಜಿನ ಬಟ್ಟಿ. ಕೊನೆಗೆ ಉಳಿದ ಇಪ್ಪತ್ತು ಮೂವತ್ತಕ್ಕೆ ಗ್ಯಾಸ್ ಕ್ರೊಮ್ಯಾಟೊಗ್ರಫಿಯ ದೊಡ್ಡ ಯಂತ್ರ.

ಲಾವಂಚಕ್ಕೆ ಬೇರೆ ಲೆಕ್ಕ

ಬೇರು ಅಗೆದರೆ ಗಿಡ ಹೋಯಿತು. ಆದ್ದರಿಂದ ಅಗೆಯುವ ಮೊದಲೇ ಪ್ರತಿ ಬುಡದಿಂದ ಎರಡು ತೆಂಡೆ ಬೇರೆ ಮಡಿಗೆ ಹೋಗಬೇಕು. ಬೇರು ಬಲಿಯಲು 15ರಿಂದ 18 ತಿಂಗಳು. ಬಟ್ಟಿಯೂ ಎಲೆಯ ಎಣ್ಣೆಯಂತೆ ಮೂರು ಗಂಟೆಯಲ್ಲಿ ಮುಗಿಯುವುದಿಲ್ಲ. ಬೀಜ ಕಟ್ಟುವ ಬಗೆಯಲ್ಲಿ ಅಡ್ಡ ಹಾಯಿಸಿ ವೈವಿಧ್ಯ ಪಡೆಯಬಹುದು. ಆದರೆ ಬೆಳೆಗಾರನಿಗೆ ಕೊಡುವ ತಳಿ ಬೀಜ ಕಟ್ಟದ್ದಾಗಿರಲಿ. ಬೀಜ ಉದುರಿಸುವ ಲಾವಂಚ ಹೊಲ ಬಿಟ್ಟು ಹೊರಗೆ ಕಳೆಯಾಗಿ ಹರಡಬಹುದು.

ಬೀಜ ಕಟ್ಟದ ತಳಿಗೆ ಇನ್ನೊಂದು ಮುಖ ಇದೆ. 1998ರಲ್ಲಿ ದಕ್ಷಿಣ ಏಷ್ಯಾದ ಹೊರಗಿನ ಹಲವು ದೇಶಗಳ ಲಾವಂಚವನ್ನು ಡಿಎನ್‌ಎ ಪರೀಕ್ಷೆಗೆ ಒಳಪಡಿಸಿದರು. ಬಹುಪಾಲು ಒಂದೇ ಬುಡದ ಸಂತಾನ ಅಂತ ಗೊತ್ತಾಯಿತು. ಒಂದು ರೋಗ ಅದನ್ನು ಹಿಡಿದರೆ ಎಲ್ಲ ಕಡೆಯೂ ಹಿಡಿಯುತ್ತದೆ. ನಿಮ್ಮ ಪ್ರಯೋಗದಲ್ಲಿ ಮೊದಲ ಸ್ಥಾನ ಬಂದದ್ದನ್ನು ಮಾತ್ರ ಬಿಡುಗಡೆ ಮಾಡಬೇಡಿ. ಬೇರೆ ವಂಶದ ಎರಡನೆಯದನ್ನೂ ಮೂರನೆಯದನ್ನೂ ಜೊತೆಗೆ ಕೊಡಿ. ಸೋತ ಬುಡಗಳಿಂದಲೂ ಒಂದೊಂದು ತೆಂಡೆ ಉಳಿಸಿ, ಹೆಸರಿನ ಚೀಟಿ ಕಟ್ಟಿ, ಒಂದು ಮಡಿಯಲ್ಲಿ ನೆಟ್ಟಿಡಿ.